ಕೈ ಮುಗಿದದ್ದಲ್ಲ, ಆಡು ಕರೆದದ್ದು

2019ರ ಆಗಸ್ಟ್ ಎರಡನೇ ವಾರ. ವಯನಾಡಿನಲ್ಲಿ ಹಿಡಿದ ಮಳೆ ಬಿಟ್ಟಿರಲಿಲ್ಲ. ಬೀಚನಹಳ್ಳಿಯ ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಗೆ ಬರುತ್ತಿತ್ತು. ನಂಜನಗೂಡಿನ ಹತ್ತಿರ ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆಯ ಮೇಲೆ ನೀರು ನಿಂತು ಬಸ್ಸು ಬಂದ್ ಆಗಿದ್ದವು. ನಾವು ಹುಲ್ಲಹಳ್ಳಿ ಕಡೆ ಹೊರಟೆವು.

ನಾವು ಎಂದರೆ ಇಬ್ಬರು. ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ಒಂದೇ ಬೆಂಚು, ಈಗ ಒಂದೇ ಬೈಕು. ಒಬ್ಬ ಗಾಡಿ ಓಡಿಸುತ್ತಾನೆ, ಹಿಂದೆ ಕೂತವನು ಫೋನು ಹಿಡಿಯುತ್ತಾನೆ. ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿ ದುಡ್ಡು ಬರುತ್ತದೆ, ಫೋಟೊಗೆ ಬೇರೆ ಬರುವುದಿಲ್ಲ. ಹಾಗಾಗಿ ಫೋಟೊ ವಿಷಯದಲ್ಲಿ ನಾವು ಇವತ್ತಿಗೂ ಹವ್ಯಾಸಿಗಳೇ. ಯಾರೂ ಕಲಿಸಿಲ್ಲ. ಡಿಪ್ಲೊಮಾದಲ್ಲಿ ಒಂದು ಪೇಪರ್ ಇತ್ತು, ಕ್ಯಾಮೆರಾ ಇರಲಿಲ್ಲ.

ಅವತ್ತು ತೆಗೆಯಬೇಕು ಅಂದುಕೊಂಡ ಫೋಟೊಗಳನ್ನೆಲ್ಲ ತೆಗೆದೆವು. ಹೊಳೆ, ಗದ್ದೆ ಬಯಲನ್ನೆಲ್ಲ ತುಂಬಿದ ಕೆಂಪು ನೀರು, ಅರ್ಧ ಮುಳುಗಿದ ಕರೆಂಟು ಕಂಬ, ಕೊಡೆ ಹಿಡಿದು ನಿಂತ ಅಧಿಕಾರಿಗಳು, ನೆನೆದು ಕುಸಿದ ಒಂದು ಮಣ್ಣಿನ ಗೋಡೆ. ಮಳೆ ಜೋರಾಯಿತು. ಪ್ಲಾಸ್ಟಿಕ್ ಕವರಿನೊಳಗಿದ್ದ ಫೋನನ್ನು ಜೇಬಿಗೆ ತುರುಕುವಾಗ ಹೆಬ್ಬೆರಳು ವಾಲ್ಯೂಮ್ ಬಟನ್ ಮೇಲೆ ಕೂತುಬಿಟ್ಟಿದೆ. ಅದನ್ನು ಒತ್ತಿ ಹಿಡಿದರೆ ಒಂದರ ಹಿಂದೊಂದು ಫೋಟೊ ಬೀಳುತ್ತದೆ ಎನ್ನುವುದು ನಿಮಗೂ ಗೊತ್ತು. ಯಾರ ಹೆಬ್ಬೆರಳು ಎನ್ನುವ ಜಗಳ ಇನ್ನೂ ಮುಗಿದಿಲ್ಲ.

ರಾತ್ರಿ ನೋಡಿದರೆ ನಲವತ್ತಕ್ಕೂ ಹೆಚ್ಚು ಫೋಟೊ. ಒದ್ದೆ ಪ್ಯಾಂಟು, ಬೈಕಿನ ಮಡ್‌ಗಾರ್ಡ್, ಓರೆಯಾದ ಆಕಾಶ. ನಡುವೆ ಒಂದು ಬೇರೆ ಥರ ಇತ್ತು. ಒಂದು ಮೂಲೆಯಲ್ಲಿ ನಮ್ಮದೇ ಬೆರಳು. ಕವರಿನ ಮೇಲೆ ಕೂತ ನೀರಿನ ಹನಿಗಳಿಂದ ಬೆಳಕು ಹರಡಿ, ಎಲ್ಲದರ ಸುತ್ತ ಒಂದು ಪ್ರಭೆ. ಅದರೊಳಗೆ ಹೊಳೆಯ ಕಡೆ ಮುಖ ಮಾಡಿ ನಿಂತ ಒಬ್ಬ ಅಜ್ಜಿ, ಮುಖದ ಹತ್ತಿರ ಜೋಡಿಸಿದ ಎರಡು ಕೈ. ಮುಂದೆ ನೀರೇ ನೀರು.

ಅಷ್ಟು ಒಳ್ಳೆಯ ಫೋಟೊ ನಾವು ಬೇಕೆಂದು ಯಾವತ್ತೂ ತೆಗೆದಿಲ್ಲ. ತಕ್ಷಣ ಅಡಿಬರಹ ಬರೆದೆವು: ಉಕ್ಕಿ ಹರಿದ ಕಪಿಲೆಗೆ ಕೈ ಮುಗಿದು ಮೊರೆಯಿಟ್ಟ ವೃದ್ಧೆ. ಕಳಿಸಿದೆವು. ಬೆಳಿಗ್ಗೆ ಅಚ್ಚಾದಾಗ ಬೆರಳಿನ ಮೂಲೆ ಕತ್ತರಿಸಿದ್ದರು. ಅಡಿಬರಹಕ್ಕೆ ಎರಡು ಪದ ಸೇರಿದ್ದವು: ಮನೆ ಕಳೆದುಕೊಂಡ. ಆ ಪದಗಳನ್ನು ಸೇರಿಸಿದವರು ಡೆಸ್ಕಿನವರು. ಸೇರಿಸಲು ಜಾಗ ಬಿಟ್ಟವರು ನಾವು. ಅಜ್ಜಿಯ ಹೆಸರು, ಮನೆ, ಏನು ಮಾಡುತ್ತಿದ್ದರು ಎನ್ನುವುದು ಯಾವುದೂ ನಮಗೆ ಗೊತ್ತಿರಲಿಲ್ಲ. ಅವರು ಅಲ್ಲಿದ್ದದ್ದನ್ನೇ ನಾವು ನೋಡಿರಲಿಲ್ಲ. ನೋಡಿದ್ದು ಫೋನು.

ಎರಡು ದಿನ ಆ ಚಿತ್ರ ಎಲ್ಲರ ವಾಟ್ಸಾಪ್ ಸ್ಟೇಟಸ್ಸಿನಲ್ಲಿತ್ತು. ಯಾರೋ ಅದರ ಮೇಲೆ ಎರಡು ಸಾಲು ಕವಿತೆ ಬರೆದರು, ಯಾರೋ ಹಿಂದೆ ಹಾಡು ಹಾಕಿದರು. ನಮಗೆ ಫೋನು ಮೇಲೆ ಫೋನು. ಮೂರನೇ ದಿನ ನೀರು ಇಳಿದ ಮೇಲೆ, ಅಜ್ಜಿಯನ್ನು ಹುಡುಕಿ ಇನ್ನೊಂದು ಸುದ್ದಿ ಮಾಡೋಣ ಎಂದು ಹೋದೆವು. ಮನೆ ಇತ್ತು. ಹೆಂಚು ಸರಿಯಾಗಿತ್ತು, ಜಗಲಿ ಒಣಗಿತ್ತು. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಕೇಳಿದ ಮೊದಲ ಮಾತು:

“ನೀವೇನಾ ನನ್ನ ಮನೆ ಬೀಳಿಸ್ದವರು?”

ಹೊಳೆಗೆ ಕೈ ಮುಗಿದು ನಿಂತಿದ್ದಿರಲ್ಲ ಅಜ್ಜಿ, ಎಂದೆವು.

“ಹೊಳೆಗ್ಯಾಕಪ್ಪ ಕೈ ಮುಗೀಲಿ ಆ ಹೊತ್ನಲ್ಲಿ? ಆಡು ಆ ಕಡೆ ಬದೀಲಿ ಸಿಕ್ಕಾಕಂಡಿತ್ತು. ಬಾಯಿಗೆ ಕೈ ಕೊಟ್ಕಂಡು ಕೂಗ್ತಿದ್ದೆ. ಎಲ್ಲಿ ಕೇಳ್ತದೆ ಆ ನೀರಿನ ಸದ್ದಲ್ಲಿ.”

ಆಮೇಲೆ ಉಳಿದದ್ದು ಹೊರಗೆ ಬಂತು. ತಿ. ನರಸೀಪುರದ ಕಡೆ ಕೊಟ್ಟ ಮಗಳು, ಯಾರದೋ ಫೋನಿನಲ್ಲಿ ಅವ್ವನ ಚಿತ್ರವನ್ನೂ ಅದರ ಕೆಳಗಿದ್ದ ಪದಗಳನ್ನೂ ನೋಡಿ, ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಹೊರಟಿದ್ದಾಳೆ. ರಸ್ತೆಗಳು ಬಂದ್ ಆಗಿದ್ದ ದಿನ. ಎರಡು ಬಸ್ಸು ಬದಲಿಸಿ, ಉಳಿದದ್ದನ್ನು ನಡೆದು, ಅಳುತ್ತಾ ಬಂದು ನೋಡಿದರೆ ಅವ್ವ ಒಲೆ ಮುಂದೆ ಕೂತಿದ್ದಾಳೆ. ಇದು ಒಂದು. ಇನ್ನೊಂದು ಊರಿನವರ ಬಾಯಿ. ಆ ವರ್ಷ ನೆರೆಪೀಡಿತರಿಗೆ ತಕ್ಷಣಕ್ಕೆ 10 ಸಾವಿರ ರೂಪಾಯಿ, ಮನೆ ಪೂರ್ತಿ ಬಿದ್ದಿದ್ದರೆ 5 ಲಕ್ಷ ಎಂದು ಸರ್ಕಾರ ಹೇಳಿತ್ತು. ಗಟ್ಟಿ ಮನೆಯಲ್ಲಿ ಕೂತವಳ ಹೆಸರು ಪೇಪರಿನಲ್ಲಿ ಮನೆ ಕಳೆದುಕೊಂಡವಳು ಎಂದು ಬಂದರೆ ಊರು ಏನು ಅನ್ನುತ್ತದೆ? ಎಷ್ಟು ಬಂತಜ್ಜಿ, ಯಾರನ್ನ ಹಿಡ್ಕಂಡಿದ್ದೆ ಎಂದು ನೀರಿಗೆ ಹೋದಲ್ಲಿ, ಅಂಗಡಿಗೆ ಹೋದಲ್ಲಿ ಕೇಳಿದ್ದಾರೆ. ಒಂದು ಪೈಸೆ ಬಂದಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ.

ತಿದ್ದುಪಡಿ ಕಳಿಸಿದೆವು. ಅಚ್ಚಾಯಿತೋ ಇಲ್ಲವೋ ಎಂದು ಹುಡುಕಿದರೆ ಮಾತ್ರ ಕಾಣುವಷ್ಟು ಅಚ್ಚಾಯಿತು. ತಿದ್ದುಪಡಿಯನ್ನು ಯಾರೂ ಸ್ಟೇಟಸ್ಸಿಗೆ ಹಾಕಿಕೊಳ್ಳುವುದಿಲ್ಲ.

ಇಷ್ಟು ವರ್ಷಗಳ ಮೇಲೆ ಇದನ್ನು ಬರೆಯಲು ಕಾರಣ ಇದೆ. ನಮ್ಮ ಸುತ್ತ ಈಗ ಫೋಟೊ ತೆಗೆಯದವರು ಯಾರೂ ಇಲ್ಲ. ಎಡವಟ್ಟಾಗಿ ಬಿದ್ದ ಒಂದು ಚಿತ್ರ ಹೇಗೆ ಊರೂರು ಸುತ್ತುತ್ತದೆ ಎನ್ನುವುದನ್ನು ವಾರಕ್ಕೊಮ್ಮೆಯಾದರೂ ನೋಡುತ್ತೇವೆ. ಹಾಗೆ ಬಿದ್ದ ಚಿತ್ರಗಳನ್ನು ನಾವು ಪ್ರೀತಿಸುತ್ತೇವೆ. ಅವುಗಳಿಗೆ ಅಂಟಿಸುವ ಕಥೆಗಳ ಬಗ್ಗೆ ನಮಗೆ ತಕರಾರಿದೆ.

ಮೊದಲು ಪ್ರೀತಿಯ ಮಾತು. ಹವ್ಯಾಸಿಗೆ ಎಡವಟ್ಟು ದೊಡ್ಡ ಆಸ್ತಿ. ಕಲಿತವರು ತಪ್ಪಾಗದ ಹಾಗೆ ಎಲ್ಲ ಹೊಂದಿಸಿಕೊಂಡು ಕೂರುತ್ತಾರೆ. ನಮಗೆ ಹೊಂದಿಸಲು ಬರುವುದಿಲ್ಲ. ಯಂತ್ರ ತನಗೆ ತೋಚಿದ್ದು ಮಾಡುತ್ತದೆ, ಕೆಲವೊಮ್ಮೆ ಕಣ್ಣಿಗೆ ಕಾಣದ್ದನ್ನು ಅದು ಹಿಡಿಯುತ್ತದೆ. ಹುಲ್ಲಹಳ್ಳಿಯಿಂದ ನಂಜನಗೂಡಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಫೋಟೊ ತೆಗೆದು ನೋಡಿ. ನೆಟ್ಟಗಿರುವ ಕರೆಂಟು ಕಂಬಗಳು ವಾಲಿಕೊಂಡಿರುತ್ತವೆ. ಫೋನಿನ ಕ್ಯಾಮೆರಾ ಇಡೀ ದೃಶ್ಯವನ್ನು ಒಂದೇ ಏಟಿಗೆ ಹಿಡಿಯುವುದಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಲುಸಾಲಾಗಿ ಓದುತ್ತಾ ಹೋಗುತ್ತದೆ. ಓದಿ ಮುಗಿಸುವಷ್ಟರಲ್ಲಿ ಬಸ್ಸು ಒಂದಿಷ್ಟು ಮುಂದೆ ಹೋಗಿರುತ್ತದೆ. ಕಂಬದ ತಲೆ ಒಂದು ಜಾಗದಲ್ಲಿ, ಬುಡ ಇನ್ನೊಂದು ಜಾಗದಲ್ಲಿ. ಎಷ್ಟು ವಾಲುತ್ತದೆ ಎನ್ನುವುದು ಡ್ರೈವರ್ ಕಾಲ ಕೆಳಗಿರುತ್ತದೆ.

ಇದೇ ಎಡವಟ್ಟಿನಿಂದ ಜಗತ್ತಿಗೆ ಒಂದು ಪ್ರಸಿದ್ಧ ಚಿತ್ರ ಸಿಕ್ಕಿದೆ. ಫ್ರಾನ್ಸಿನ ಜಾಕ್ ಆಂರಿ ಲಾರ್ತಿಗ್ 1894ರಲ್ಲಿ ಹುಟ್ಟಿದವನು, ಚಿಕ್ಕಂದಿನಿಂದ ಮನೆಮಂದಿಯ ಫೋಟೊ ತೆಗೆದುಕೊಂಡು ಬೆಳೆದ ಹವ್ಯಾಸಿ. ಕಾರು ಓಟದಲ್ಲಿ ಒಂದು ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸಿ ಗುಂಡಿ ಒತ್ತಿದ. ಕಾರಿನ ಮುಂಭಾಗ ಚೌಕಟ್ಟಿನ ಹೊರಗೆ ಹೋಯಿತು. ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿ ಮುಂದಕ್ಕೆ ಬಾಗಿತು, ಬೇಲಿಯ ಬಳಿಯ ಜನರೂ ಕಂಬವೂ ಹಿಂದಕ್ಕೆ ವಾಲಿದರು. ಅವನ ಕ್ಯಾಮೆರಾದಲ್ಲಿ ಒಂದು ಸೀಳು ಸರಿಯುತ್ತಾ ಬೆಳಕು ಬಿಡುತ್ತಿತ್ತು, ನಮ್ಮ ಬಸ್ಸಿನ ಕಂಬದ ಲೆಕ್ಕವೇ. ಹಾಳಾದ ಫೋಟೊ ಎಂದು ಅವನು ಅದನ್ನು ಬದಿಗಿಟ್ಟಿದ್ದ ಎನ್ನುತ್ತಾರೆ. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಅವನ ಚಿತ್ರಗಳ ಪ್ರದರ್ಶನ ಮಾಡಿದಾಗ ಅವನಿಗೆ ಎಪ್ಪತ್ತರ ಹತ್ತಿರ. ವೇಗ ಎಂದರೆ ಏನು ಎಂದು ತೋರಿಸಲು ಇವತ್ತಿಗೂ ಆ ಹಾಳಾದ ಫೋಟೊವನ್ನೇ ಮುಂದಿಡುತ್ತಾರೆ. ಬಹಳ ಕಾಲ ಅದು 1912ರ ಓಟದ್ದೆಂದೇ ಅಚ್ಚಾಗುತ್ತಿತ್ತು. ಕಾರಿನ ಮೇಲಿನ ನಂಬರ್ ಹಿಡಿದು ಹುಡುಕಿದವರು ಅದು 1913ರದೆಂದು ತಿದ್ದಿದರು. ತೆಗೆದವನ ನೆನಪೂ ತಪ್ಪುತ್ತದೆ ಎನ್ನುವುದನ್ನು ಇಲ್ಲಿ ಗುರುತು ಹಾಕಿಕೊಳ್ಳಿ.

ಎಡವಟ್ಟು ಸುಮ್ಮನೆ ಮನೆಯಲ್ಲಿ ಕೂತವರಿಗೆ ಬರುವುದಿಲ್ಲ ಎನ್ನುವುದೂ ನಿಜ. ಪೂರ್ಣಚಂದ್ರ ತೇಜಸ್ವಿ ಹೊಟ್ಟೆಪಾಡಿಗೆ ಫೋಟೊ ತೆಗೆದವರಲ್ಲ. ಮೂಡಿಗೆರೆಯ ಕಾಫಿ ತೋಟದವರು, ಬರಹಗಾರರು. ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾದರು. ಹಕ್ಕಿ ಎಲ್ಲಿ ಕೂರುತ್ತದೆ, ಯಾವ ಕಡೆ ತಿರುಗುತ್ತದೆ ಎನ್ನುವುದು ಹಕ್ಕಿಗೆ ಬಿಟ್ಟದ್ದು. ಕಾಯುವುದು ಮಾತ್ರ ನಮ್ಮ ಕೈಯಲ್ಲಿದೆ. ನಾವೂ ಅವತ್ತು ಮಳೆಗೆ ಹೆದರಿ ಹೊರಡದಿದ್ದರೆ ಹೆಬ್ಬೆರಳಿಗೂ ಆ ಅವಕಾಶ ಸಿಗುತ್ತಿರಲಿಲ್ಲ.

ಈಗ ತಕರಾರು.

ಎಡವಟ್ಟಾಗಿ ಬಿದ್ದ ಚಿತ್ರಕ್ಕೆ ಹಿಂದುಮುಂದು ಇರುವುದಿಲ್ಲ. ನಾವು ನೋಡಿ, ಕಾದು, ಮಾತಾಡಿಸಿ ತೆಗೆದ ಫೋಟೊ ಆದರೆ ಅದರ ಜೊತೆ ಒಂದಿಷ್ಟು ತಿಳಿವಳಿಕೆ ಬಂದಿರುತ್ತದೆ. ಎಡವಟ್ಟಿನ ಫೋಟೊ ಬರಿಗೈಯಲ್ಲಿ ಬರುತ್ತದೆ. ಆ ಖಾಲಿ ಜಾಗ ತುಂಬಲು ನಮ್ಮ ತಲೆಯಲ್ಲಿ ಆಗಲೇ ಸಿದ್ಧವಾಗಿರುವ ಕಥೆ ಓಡಿ ಬರುತ್ತದೆ. ನೆರೆ, ಮುದುಕಿ, ಜೋಡಿಸಿದ ಕೈ: ಮೂರನ್ನೂ ಒಟ್ಟಿಗೆ ನೋಡಿದವನು ಮೊರೆ ಎಂದೇ ಬರೆಯುತ್ತಾನೆ. ಆಡು ಎಂದು ಯಾರಿಗೆ ಹೊಳೆಯುತ್ತದೆ? ಹಳ್ಳಿಯ ಬಡವರು ಚಿತ್ರದಲ್ಲಿದ್ದರೆ ಈ ಸಿದ್ಧ ಕಥೆಗಳು ಇನ್ನೂ ಬೇಗ ಬರುತ್ತವೆ. ಮುದುಕ ಆಕಾಶ ನೋಡಿದರೆ ಮಳೆಗೆ ಕಾಯುವ ರೈತ. ಹುಡುಗಿ ನಕ್ಕರೆ ಬಡತನದಲ್ಲೂ ಅರಳಿದ ನಗು. ಮುದುಕ ಮರದಲ್ಲಿ ಸಿಕ್ಕಿದ ಮೊಮ್ಮಗನ ಗಾಳಿಪಟ ನೋಡುತ್ತಿರಬಹುದು. ಹುಡುಗಿ ನಮ್ಮ ಪ್ಯಾಂಟಿನ ಕೆಸರು ನೋಡಿ ನಗುತ್ತಿರಬಹುದು. ನಾವೇ ಹಳ್ಳಿಯಲ್ಲಿ ಹುಟ್ಟಿದವರು. ಆದರೂ ಫೋನು ಕೈಗೆ ಬಂದ ಕೂಡಲೇ ಪಟ್ಟಣದವರು ನೋಡಲು ಬಯಸುವ ಹಳ್ಳಿಯನ್ನೇ ಬರೆಯುತ್ತೇವೆ.

ನಮ್ಮಂಥ ಸಣ್ಣವರು ಮಾತ್ರ ಹೀಗೆ ಮಾಡುತ್ತಾರೆ ಎಂದುಕೊಳ್ಳಬೇಡಿ. 1936ರ ಮಾರ್ಚ್‌ನಲ್ಲಿ ಅಮೆರಿಕದ ಡೊರೊತಿಯಾ ಲ್ಯಾಂಗ್, ಸರ್ಕಾರಿ ಕೆಲಸದ ಮೇಲೆ ಒಂದು ತಿಂಗಳು ತಿರುಗಿ ಮನೆಗೆ ಹೊರಟಿದ್ದರು. ಕ್ಯಾಲಿಫೋರ್ನಿಯಾದ ನಿಪೊಮೊ ಎಂಬಲ್ಲಿ ಬಟಾಣಿ ಬಿಡಿಸುವವರ ಕ್ಯಾಂಪಿನ ಬೋರ್ಡು ಕಣ್ಣಿಗೆ ಬಿತ್ತು. ನಿಲ್ಲಿಸದೆ ಇಪ್ಪತ್ತು ಮೈಲಿ ಮುಂದೆ ಹೋದವರು ಏನೋ ಅನ್ನಿಸಿ ಗಾಡಿ ತಿರುಗಿಸಿದರು. ಮಕ್ಕಳ ನಡುವೆ ಟೆಂಟಿನಲ್ಲಿ ಕೂತಿದ್ದ ತಾಯಿಯ ಚಿತ್ರ ಸಿಕ್ಕಿತು, ಜಗತ್ತೇ ನೋಡಿತು. ಹೆಸರು ಕೇಳಲಿಲ್ಲ, ಹಿಂದಿನ ಕಥೆ ಕೇಳಲಿಲ್ಲ ಎಂದು ಲ್ಯಾಂಗ್ ಅವರೇ ಆಮೇಲೆ ಬರೆದರು. ಊಟಕ್ಕಾಗಿ ಕಾರಿನ ಟೈರು ಮಾರಿದ್ದರು ಎಂದೂ ಬರೆದರು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ಗೊತ್ತಾದದ್ದು 1978ರಲ್ಲಿ, ಅಂದರೆ 42 ವರ್ಷಗಳ ಮೇಲೆ. ಟೈರು ಮಾರಿದ ಕಥೆ ನಮ್ಮದಲ್ಲ ಎಂದು ಅವರ ಮಗ ಹೇಳಿದರು. ಆ ಚಿತ್ರದಿಂದ ತನಗೆ ಏನೂ ಬರಲಿಲ್ಲ ಎಂಬ ನೋವು ಥಾಂಪ್ಸನ್ ಅವರಿಗಿತ್ತು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಕ್ಯಾಂಪಿಗೆ 20,000 ಪೌಂಡ್ ಆಹಾರ ಬಂತು. ಅಷ್ಟು ಹೊತ್ತಿಗೆ ಅವರ ಸಂಸಾರ ಕೆಲಸ ಹುಡುಕಿಕೊಂಡು ಮುಂದಿನ ಊರಿಗೆ ಹೋಗಿತ್ತು.

ಆ ಚಿತ್ರ ಸುಳ್ಳಲ್ಲ. ಹಸಿವು ಇತ್ತು, ಬೇರೆಯವರಿಗಾದರೂ ಅನ್ನ ಸಿಕ್ಕಿತು. ಆದರೂ ಎರಡು ನಿಮಿಷ ನಿಂತು ಹೆಸರು ಕೇಳಿದ್ದರೆ ಆ ತಾಯಿಯ ಪಾಲಿಗೆ ಬಹಳಷ್ಟು ಬೇರೆಯಾಗುತ್ತಿತ್ತು. ಅದೇ ಚಿತ್ರದ ಮೂಲೆಯಲ್ಲಿ ಟೆಂಟಿನ ಕಂಬ ಹಿಡಿದ ಒಂದು ಹೆಬ್ಬೆರಳು ಕಾಣುತ್ತಿತ್ತು. ಅಂದ ಕೆಡಿಸುತ್ತದೆ ಎಂದು ಲ್ಯಾಂಗ್ ಆಮೇಲೆ ಅದನ್ನು ನೆಗೆಟಿವ್ ಮೇಲೆ ತಿದ್ದಿಸಿ ಅಳಿಸಿಸಿದರು. ನಮ್ಮ ಬೆರಳನ್ನು ಡೆಸ್ಕಿನವರು ಕತ್ತರಿಸಿದಾಗ ನಮಗೆ ಏನೂ ಅನ್ನಿಸಿರಲಿಲ್ಲ. ಈಗ ಅನ್ನಿಸುತ್ತದೆ. ಆ ಬೆರಳು ಇದ್ದಿದ್ದರೆ ನೋಡಿದವರಿಗೆ ಇದು ಜೇಬಿಗೆ ಹೋಗುವ ಫೋನಿನಿಂದ ಬಿದ್ದದ್ದು ಎಂದು ಗೊತ್ತಾಗುತ್ತಿತ್ತು. ಕತ್ತರಿಸಿದ ಮೇಲೆ ಯಾರೋ ಮಳೆಯಲ್ಲಿ ನಿಂತು, ಅಜ್ಜಿಯ ದುಃಖ ನೋಡಿ, ಕೂಡಿಸಿ ತೆಗೆದ ಹಾಗೆ ಕಂಡಿತು.

ಅಳಿಸುವುದು ಈಗ ಇನ್ನೂ ಸುಲಭ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿನಲ್ಲಿ ಮ್ಯಾಜಿಕ್ ಇರೇಸರ್ ತಂದಿತು. ಹಿಂದೆ ನಿಂತ ಬೇಡದವರನ್ನು ಬೆರಳಲ್ಲಿ ಸವರಿ ಮಾಯ ಮಾಡಬಹುದು. 2023ರಲ್ಲಿ ಬೆಸ್ಟ್ ಟೇಕ್ ಬಂತು. ಒಂದು ಫೋಟೊದಲ್ಲಿ ಕಣ್ಣು ಮುಚ್ಚಿದವರಿಗೆ ಇನ್ನೊಂದರಿಂದ ಕಣ್ಣು ತೆರೆದ ಮುಖ ತಂದು ಕೂರಿಸಬಹುದು. ಮಸುಕಾದವು ಇಷ್ಟಿವೆ, ಒಂದೇ ಥರದವು ಇಷ್ಟಿವೆ, ಅಳಿಸಿ ಜಾಗ ಮಾಡಿಕೊಳ್ಳಿ ಎಂದು ಕಡಿಮೆ ಬೆಲೆಯ ಫೋನುಗಳೂ ಹೇಳುತ್ತವೆ. ಮದುವೆ ಫೋಟೊದಲ್ಲಿ ಇದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಹವ್ಯಾಸಿಯ ಎಡವಟ್ಟುಗಳು ಸಾಯುವುದು ಇಲ್ಲೇ. ಲಾರ್ತಿಗ್ ಬದಿಗಿಟ್ಟಿದ್ದ, ಎಸೆದಿರಲಿಲ್ಲ. ನಾವು ರಾತ್ರಿ ಊಟ ಮಾಡುವಷ್ಟರಲ್ಲಿ ಎಸೆದಿರುತ್ತೇವೆ.

ಎಸೆದದ್ದಕ್ಕೆ ನಾವು ತೆತ್ತ ಬೆಲೆಯನ್ನೂ ಹೇಳಬೇಕು. ಮೇಲೆ ಹೇಳಿದ ಕುಸಿದ ಗೋಡೆ ನೆನಪಿದೆಯೇ? ಅದು ಅಜ್ಜಿಯ ಮನೆಯದಲ್ಲ, ಬೇರೆ ಬೀದಿಯದು. ಅದರ ಫೋಟೊವನ್ನು ನಾವು ಬೇಕೆಂದೇ ತೆಗೆದಿದ್ದೆವು. ಮಬ್ಬು ಬೆಳಕು, ಒದ್ದೆ ಮಣ್ಣು, ಯಾರೂ ಇಲ್ಲ. ಅಜ್ಜಿಯ ಚಿತ್ರ ಸಿಕ್ಕ ಖುಷಿಯಲ್ಲಿ ಅದನ್ನು ಕಳಿಸಲಿಲ್ಲ. ತಿಂಗಳಾದ ಮೇಲೆ ಆ ಮನೆಯ ಯಜಮಾನರು ನಮ್ಮನ್ನು ಹುಡುಕಿಕೊಂಡು ಬಂದರು. ಪರಿಶೀಲನೆಗೆ ಬಂದವರು ಬರುವ ಹೊತ್ತಿಗೆ, ಮಕ್ಕಳು ಮಲಗಬೇಕಲ್ಲ ಎಂದು, ಬಿದ್ದ ಮಣ್ಣು ಎತ್ತಿ ತಟ್ಟಿ ಕಟ್ಟಿ ಪ್ಲಾಸ್ಟಿಕ್ ಹಾಕಿಕೊಂಡಿದ್ದರಂತೆ. “ಅವತ್ತು ನೀವು ಪಟ ಹಿಡ್ದಿದ್ರಲ್ಲ ಸ್ವಾಮಿ, ಅದೊಂದು ಕೊಟ್ರೆ ಅರ್ಜಿ ಜೊತೆ ಇಡ್ತೀನಿ” ಎಂದರು. ಇಬ್ಬರ ಫೋನನ್ನೂ ಜಾಲಾಡಿದೆವು. ಜಾಗ ಸಾಲದೆಂದು ಯಾವತ್ತೋ ಅಳಿಸಿದ್ದೆವು. ಉಳಿಸಿಕೊಂಡದ್ದು ಒಂದನ್ನು, ಚೆಂದದ್ದನ್ನು. ಮನೆ ಬೀಳದ ಅಜ್ಜಿಗೆ ಮನೆ ಬಿದ್ದ ಫೋಟೊ ಕೊಟ್ಟೆವು, ಗೋಡೆ ಬಿದ್ದವರಿಗೆ ಕೊಡಲು ಫೋಟೊ ಇರಲಿಲ್ಲ. ಅವರ ಅರ್ಜಿ ಕೊನೆಗೆ ಏನಾಯಿತು ಎಂದು ನಾವು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ನಮ್ಮ ಈ ಮಾತಿಗೆ ಎದುರುಮಾತು ಇದೆ. ಫೋಟೊ ಒಲವಿನ ಗೆಳೆಯರೊಬ್ಬರು ಹೇಳುವುದು: ಚಿತ್ರ ತಾನೇ ಮಾತಾಡಬೇಕು, ಕೆಳಗೆ ವಿವರ ಬರೆದರೆ ಸತ್ತುಹೋಗುತ್ತದೆ, ನೋಡುವವರು ತಮ್ಮ ಕಥೆ ಕಟ್ಟಿಕೊಳ್ಳಲಿ. ಇದನ್ನು ನಾವು ಅರ್ಧ ಒಪ್ಪುತ್ತೇವೆ. ಸಂಗಮದ ಮಂಜು, ತಲಕಾಡಿನ ಮರಳು, ಸೋಮನಾಥಪುರದ ಕಂಬದ ಮೇಲೆ ಬಿದ್ದ ಬಿಸಿಲು ಇವಕ್ಕೆ ಯಾರು ಏನು ಕಥೆ ಕಟ್ಟಿದರೂ ಮರಳು ಬಂದು ಜಗಳ ಆಡುವುದಿಲ್ಲ. ಚಿತ್ರದಲ್ಲಿ ಗುರುತು ಸಿಗುವ ಮುಖ ಇದ್ದರೆ ಲೆಕ್ಕ ಬೇರೆ. ಆ ಮುಖಕ್ಕೆ ಮಗಳಿದ್ದಾಳೆ, ನೆರೆಮನೆಯಿದೆ, ರೇಷನ್ ಕಾರ್ಡಿದೆ. ನೋಡುವವರು ಕಟ್ಟಿದ ಕಥೆಯನ್ನು ಅವರು ಹೊತ್ತು ತಿರುಗಬೇಕು.

ಇನ್ನೊಂದು ಮಾತು: ಕೇಳುತ್ತಾ ನಿಂತರೆ ಗಳಿಗೆ ಹೋಗಿಬಿಡುತ್ತದೆ. ನಿಜ. ಮೊದಲು ಕೇಳಿ ಎಂದು ನಾವು ಹೇಳುತ್ತಿಲ್ಲ. ಮೊದಲು ತೆಗೆಯಿರಿ, ಆಮೇಲೆ ಕೇಳಿ. ನೀರು ಇಳಿದ ಮೇಲೆ ಹೋಗಿ ಕೇಳಿದರೂ ಅಜ್ಜಿ ಹೇಳುತ್ತಿದ್ದರು. ನಾವು ಹೋದದ್ದು ಅಚ್ಚಾದ ಮೇಲೆ.

ಕೇಳಿದರೆ ಕಥೆ ಸಪ್ಪೆಯಾಗುತ್ತದೆ ಎನ್ನುವ ಭಯ ಹಲವರಿಗಿದೆ. ನಮ್ಮ ಅನುಭವ ಬೇರೆ. ಬಾಳೆಮಂಡಿಯಲ್ಲಿ ಲೆಕ್ಕ ಬರೆಯುವ ನಮ್ಮ ಪರಿಚಯದ ಹುಡುಗನೊಬ್ಬ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೆಗೆದ ಫೋಟೊ ಇದೆ. ನಸುಕು, ಗೌತಮ ರಥ ಹೊರಡುವ ಮುಂಚಿನ ಹೊತ್ತು. ತೇರು ಕೆತ್ತಿದ ಹಾಗೆ ಸ್ಪಷ್ಟ, ಸುತ್ತ ಜನ ಹೊಗೆಯ ಹಾಗೆ. ಎಲ್ಲರಿಗಿಂತ ಮುಂದೆ ಒಂದು ಉದ್ದನೆಯ ಬಿಳಿ ಗೀರು. ಕಾಲ ಓಡುತ್ತದೆ, ದೇವರು ನಿಲ್ಲುತ್ತಾನೆ ಎಂದು ಕೆಳಗೆ ಬರೆದು ಹಾಕಿಕೊಂಡಿದ್ದ. ಚೆನ್ನಾಗಿದೆ ಎಂದೆವು. ಹೇಗೆ ತೆಗೆದೆ ಎಂದು ಕೇಳಿದೆವು. ಫೋನನ್ನು ಒಂದು ಗೋಡೆಗೆ ಒರಗಿಸಿ ನೈಟ್ ಮೋಡ್ ಒತ್ತಿದ್ದಾನೆ. ಆ ಮೋಡ್‌ನಲ್ಲಿ ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಕೂಡಿಸುತ್ತದೆ. ಅಷ್ಟರಲ್ಲಿ ಪಕ್ಕ ನೋಡಿದರೆ ಪುಟ್ಟ ತಂಗಿ ಇಲ್ಲ. ಫೋನು ಅಲ್ಲೇ ಬಿಟ್ಟು ಓಡಿದ್ದಾನೆ. ಆ ಬಿಳಿ ಗೀರು ಅವನದೇ ಅಂಗಿ. ಹತ್ತು ನಿಮಿಷ ಹುಡುಕಿದ ಮೇಲೆ ತಂಗಿ ಬತ್ತಾಸಿನ ಅಂಗಡಿ ಮುಂದೆ ಸಿಕ್ಕಳಂತೆ. ಫೋನೂ ಗೋಡೆಯ ಮೇಲೇ ಇತ್ತಂತೆ. ಹೇಳುವಾಗಲೂ ಅವನ ಗಂಟಲು ಕಟ್ಟಿತ್ತು.

ಈಗ ಹೇಳಿ, ಯಾವುದು ಒಳ್ಳೆಯ ಕಥೆ? ಕಾಲ ಓಡುವ ಮಾತನ್ನು ಯಾವ ಜಾತ್ರೆಯ ಯಾವ ಫೋಟೊದ ಕೆಳಗೂ ಬರೆಯಬಹುದು. ತಂಗಿಯನ್ನು ಹುಡುಕಿ ಓಡಿದ ಅಂಗಿ ಈ ಒಂದು ಫೋಟೊದಲ್ಲಿ ಮಾತ್ರ ಇದೆ. ಅವನು ಅದನ್ನು ಬರೆದಿರಲಿಲ್ಲ, ಯಾಕೆಂದರೆ ಅದು ಎಡವಟ್ಟು ಎಂದು ಹೇಳಿಕೊಳ್ಳಲು ನಾಚಿಕೆ. ಬೇಕೆಂದೇ ತೆಗೆದದ್ದು ಎಂದರೆ ಮರ್ಯಾದೆ ಹೆಚ್ಚು ಎಂದು ನಾವೆಲ್ಲ ಅಂದುಕೊಂಡಿದ್ದೇವೆ.

ಮೈಸೂರಿನ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯಬೇಕು. ಪದ್ಮಶ್ರೀ ಪಡೆದ, ದೇಶವೆಲ್ಲ ತಿರುಗಿದ ಈ ಫೋಟೊ ಪತ್ರಕರ್ತರ ಚಿತ್ರಗಳಲ್ಲಿ ಕಾಣುವವರು ಹೆಚ್ಚಾಗಿ ಸಾಮಾನ್ಯ ಜನ, ಅದರಲ್ಲೂ ಮಕ್ಕಳು. 2009ರಲ್ಲಿ ತೀರಿಕೊಳ್ಳುವ ಮುಂಚೆ ‘ಕಾಲಕ್ಕೆ ಕನ್ನಡಿ’ ಎಂಬ ನೆನಪುಗಳ ಪುಸ್ತಕವನ್ನೂ ಬಿಟ್ಟುಹೋದರು. ಬದುಕೆಲ್ಲ ಚಿತ್ರದಲ್ಲಿ ಮಾತಾಡಿದವರಿಗೂ ಚಿತ್ರದ ಆಚೀಚೆ ಏನಾಯಿತು ಎಂದು ಪದದಲ್ಲಿ ಹೇಳಬೇಕು ಅನ್ನಿಸಿತು. ನಮ್ಮಂಥ ಹೆಬ್ಬೆರಳಿನ ಛಾಯಾಗ್ರಾಹಕರಿಗೆ ಅದು ಇನ್ನೂ ಅಗತ್ಯ.

ಆಮೇಲಿನಿಂದ ನಾವು ಕೆಲವು ಅಭ್ಯಾಸ ಇಟ್ಟುಕೊಂಡಿದ್ದೇವೆ. ತೆಗೆದ ದಿನ ರಾತ್ರಿ ಒಂದನ್ನೂ ಅಳಿಸುವುದಿಲ್ಲ. ದಣಿದ ಕಣ್ಣಿಗೆ ಮಸುಕಾದದ್ದೆಲ್ಲ ಕೆಟ್ಟದ್ದಾಗಿ ಕಾಣುತ್ತದೆ. ಬಿದ್ದ ಗೋಡೆ, ಒಡೆದ ನಾಲೆ ಏರಿ, ಒಣಗಿದ ಬಾಳೆ ಇಂಥವು ಚೆಂದ ಇಲ್ಲದಿದ್ದರೂ ತಾರೀಕಿನ ಸಮೇತ ಬೇರೆ ಕಡೆ ಉಳಿಸುತ್ತೇವೆ. ವಾಪಸು ಬರುವಾಗ ಬೈಕ್ ನಿಲ್ಲಿಸಿ ಅರ್ಧ ನಿಮಿಷ ಫೋನಿನಲ್ಲೇ ಮಾತಾಡಿ ರೆಕಾರ್ಡ್ ಮಾಡುತ್ತೇವೆ: ಎಲ್ಲಿ, ಯಾರು, ಫೋಟೊಗೆ ಮುಂಚೆ ಏನಾಯಿತು, ಆಮೇಲೆ ಏನಾಯಿತು. ಲಾರ್ತಿಗ್‌ಗೆ ವರ್ಷವೇ ತಪ್ಪಿತು, ನಮಗೆ ಊರೇ ತಪ್ಪಬಹುದು. ಮುಖ ಇದ್ದರೆ ಹೋಗಿ ಕೇಳುತ್ತೇವೆ. ಕೇಳಲು ಆಗದಿದ್ದರೆ ಕಂಡದ್ದನ್ನು ಮಾತ್ರ ಬರೆಯುತ್ತೇವೆ, ಮನಸ್ಸಿನೊಳಗೆ ಏನಿತ್ತು ಎಂದು ಬರೆಯುವುದಿಲ್ಲ. ಹೊಳೆದಂಡೆಯಲ್ಲಿ ಒಬ್ಬ ವೃದ್ಧೆ ಎಂದು ಬರೆದು ಕಳಿಸಿದರೆ ಡೆಸ್ಕಿನವರು ಬೈಯುತ್ತಾರೆ, ಇದೇನ್ರೀ ಸಪ್ಪೆ ಎನ್ನುತ್ತಾರೆ. ಬೈಸಿಕೊಳ್ಳುತ್ತೇವೆ. ಎಡವಟ್ಟಾಗಿ ಬಿದ್ದದ್ದಾದರೆ ಎಡವಟ್ಟಾಗಿ ಬಿದ್ದದ್ದು ಎಂದೇ ಹೇಳುತ್ತೇವೆ. ಇದರಿಂದ ನಮ್ಮ ಒಂದಿಷ್ಟು ಫೋಟೊ ಬಿದ್ದುಹೋಗಿವೆ, ನಿಜ. ಊರಿಗೆ ಮತ್ತೆ ಹೋಗುವಾಗ ಹೆಲ್ಮೆಟ್ ಒಳಗೆ ಮುಖ ಮುಚ್ಚಿಕೊಳ್ಳುವ ಕಷ್ಟವೂ ತಪ್ಪಿದೆ.

ಹೋದ ವರ್ಷ ಆ ಫೋಟೊದ ಪ್ರಿಂಟು ಹಾಕಿಸಿ ಅಜ್ಜಿಗೆ ಕೊಟ್ಟು ಬಂದೆವು. ಕತ್ತರಿಸದೆ, ಮೂಲೆಯ ಬೆರಳಿನ ಸಮೇತ. ಕಣ್ಣು ಮಂದವಾಗಿದೆ, ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಯಾರ ಬೆರಳು?” ಎಂದರು. ನಾವು ಇಬ್ಬರೂ ಸುಮ್ಮನಿದ್ದೆವು.

“ಆಡೆಲ್ಲಿ?”

ಆಡು ಇದರಲ್ಲಿ ಬಿದ್ದಿಲ್ಲ ಅಜ್ಜಿ, ಆ ಕಡೆ ಇತ್ತಲ್ಲ ಎಂದೆವು.

“ಮತ್ತೆ ಇದ್ರಲ್ಲಿ ಏನ್ ಬಂದದೆ” ಎಂದು ಪಟವನ್ನು ಮೊಮ್ಮಗಳ ಕೈಗೆ ಕೊಟ್ಟರು. ಆಮೇಲೆ ಆ ಆಡಿನ ಕಥೆ ಹೇಳಿದರು: ಮರುದಿನ ತಾನಾಗೇ ಈಜಿಕೊಂಡು ಬಂತಂತೆ, ಮುಂದಿನ ವರ್ಷ ಎರಡು ಮರಿ ಹಾಕಿತಂತೆ, ಅದರಲ್ಲಿ ಒಂದನ್ನು ಮಾರಿ ಮೊಮ್ಮಗಳಿಗೆ ಸ್ಕೂಲ್ ಬ್ಯಾಗು, ಶೂ ತಂದರಂತೆ. ನಾವು ಫೋನು ಹೊರಗೆ ತೆಗೆಯಲಿಲ್ಲ. 2019ರಲ್ಲೇ ಕೇಳಿದ್ದರೆ ಇದನ್ನು ಬರೆಯಬಹುದಿತ್ತು.